ಗಾಳಿ ನಿಂತಾಗಿನ ಚಳಿ

ನನ್ನ ಗಂಡ ಅಂಟಾರ್ಕ್ಟಿಕದ ಕಡಲಂಚಿಗೆ ಹೊರಟಾಗ ಅವರ ಪೆಟ್ಟಿಗೆಯನ್ನು ಹೊಟ್ಟೆ ಉರಿದುಕೊಂಡೇ ತುಂಬಿದೆ. ಅಗಲಿಕೆಯ ದುಃಖವೇನೂ ಅಲ್ಲ, ಶುದ್ಧ ಮತ್ಸರ. ಎಂಬತ್ತರ ದಶಕದಲ್ಲಿ ನಾವಿಬ್ಬರೂ ಬೇ ಏರಿಯಾದ ಒಂದೇ ಹವಾಮಾನ ಸಂಶೋಧನೆಯ ಆಫೀಸಿನಲ್ಲಿದ್ದೆವು. ಆ ತೀರದಲ್ಲಿ ನೆಲಮಟ್ಟದ ಗಾಳಿ ಹೇಗೆ ಬೀಸುತ್ತದೆ, ಚಳಿ ಹೇಗೆ ಕೂರುತ್ತದೆ ಎನ್ನುವುದು ನಾನು ಓದಿದ ವಿಷಯ. ಅವರದು ಉಪಕರಣಗಳ ರಿಪೇರಿ. ಅರ್ಜಿ ಇಬ್ಬರೂ ಹಾಕಿದ್ದೆವು. ಮನೆಯಲ್ಲಿ ಪುಟ್ಟ ಮಗಳಿದ್ದಾಳೆಂದು ನಮ್ಮ ಬಾಸ್‌ಗೆ ನೆನಪಾದದ್ದು ನನ್ನ ಅರ್ಜಿ ನೋಡುವಾಗ ಮಾತ್ರ.

ಹೀಗೆ ನಾನು ಫ್ರೀಮಾಂಟಿನಲ್ಲಿ ಮಗಳನ್ನು ಡೇಕೇರಿಗೆ ಬಿಟ್ಟು, ಸೇತುವೆ ದಾಟಿ ಆಫೀಸಿಗೆ ಹೋಗಿ, ಅವರಿದ್ದ ಜಾಗದಿಂದ ಉಪಗ್ರಹದ ಮೂಲಕ ಬರುತ್ತಿದ್ದ ಅಂಕಿಗಳನ್ನು ನೋಡುತ್ತ ಕೂತೆ. ಅಲ್ಲೊಂದು ಕಂಬಕ್ಕೆ ಮೇಲಿನಿಂದ ಕೆಳಗಿನವರೆಗೆ ಥರ್ಮಾಮೀಟರುಗಳನ್ನು ಕಟ್ಟಿದ್ದರು. ಮಂಜಿನ ಇಳಿಜಾರಿನಿಂದ ಗಾಳಿ ಬೀಸಿದರೆ ಮೇಲಿನ ಬೆಚ್ಚನೆ ಗಾಳಿಯೂ ಕೆಳಗಿಳಿದು ಬೆರೆಯುತ್ತದೆ. ಗಾಳಿ ನಿಂತರೆ ಚಳಿ ಹೆಪ್ಪು ಹಾಕಿದ ಹಾಲಿನಂತೆ ಅಲುಗದೆ ನೆಲಕ್ಕೆ ಕೂರುತ್ತದೆ.

ಆದರೆ ಗಾಳಿಯಿಲ್ಲದ ದಿನಗಳಲ್ಲಿ, ಸಂಜೆ, ತೀರ ಕೆಳಗಿನ ಥರ್ಮಾಮೀಟರು ಮಾತ್ರ ಒಂದಿಷ್ಟು ಬೆಚ್ಚಗಾಗಿ ಮತ್ತೆ ತಣ್ಣಗಾಗುತ್ತಿತ್ತು. ಇದೇನೋ ಹೊಸದು ಎಂದು ಬಾಸ್ ಕುಣಿದಾಡಿದರು. ಲೇಖನ ಬರೆಯುವ ಮಾತೂ ಬಂತು. ನನಗೆ ನಮ್ಮ ಬಾಲ್ಕನಿ ನೆನಪಾಯಿತು. ನನ್ನ ಗಂಡ ಸಂಧ್ಯಾವಂದನೆ ಬಿಟ್ಟವರಲ್ಲ. ಇಲ್ಲಿ ಅರ್ಘ್ಯದ ನೀರೆಲ್ಲ ಗುಲಾಬಿ ಕುಂಡಕ್ಕೆ ಬೀಳುತ್ತಿತ್ತು.

ಹವ್ಯಾಸಕ್ಕೆ ಮನೆಯಲ್ಲೇ ಹ್ಯಾಮ್ ರೇಡಿಯೊ ನಡೆಸುವವರೊಬ್ಬರು ವಾರಕ್ಕೊಮ್ಮೆ ನನ್ನ ಗಂಡನ ದನಿಯನ್ನು ನಮ್ಮ ಫೋನಿಗೆ ಜೋಡಿಸಿಕೊಡುತ್ತಿದ್ದರು. ಪ್ರತಿ ಮಾತಿನ ಕೊನೆಗೆ ಓವರ್ ಅನ್ನಬೇಕು.

"ರೀ, ಸಂಜೆ ಅರ್ಘ್ಯ ಎಲ್ಲಿ ಬಿಡ್ತಿದೀರಿ? ಓವರ್."

ಗರಗರದ ನಡುವೆ ಅವರ ದನಿ ಬಂತು: "ಕಂಬದ ಬುಡದಲ್ಲಿ. ಅಲ್ಲಿ ಹಿಡ್ಕೊಳ್ಳೋಕೆ ಹಗ್ಗ ಇದೆ. ತಣ್ಣೀರು ಗಡ್ಡೆ ಕಟ್ಟತ್ತೆ ಅಂತ ಫ್ಲಾಸ್ಕಿಂದ ಬಿಸಿನೀರು ತಗೋತೀನಿ. ಯಾಕೆ? ಓವರ್."

"ನಿಮ್ಮ ಬಿಸಿನೀರು ಇಲ್ಲಿ ದೊಡ್ಡ ಸಂಶೋಧನೆ ಆಗಿದೆ. ಓವರ್."

ಫೋನಿಟ್ಟು ಮನಸಾರೆ ನಕ್ಕೆ. ಇನ್ನು ಮುಂದಿನ ಸಲ ನಾನೇ ಹೋಗುವುದು ಎಂದು ನನಗೆ ಖಾತ್ರಿಯಾಗಿತ್ತು. ಸ್ವೆಟರಿನ ಬಣ್ಣವನ್ನೂ ಯೋಚಿಸಿಟ್ಟೆ. ಮರುದಿನ ವಿಷಯ ತಿಳಿಸಿದಾಗ ಬಾಸ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಬಹಳ ಮೆಚ್ಚಿಕೊಂಡೇ ಹೇಳಿದರು: "ಅಲ್ಲಿ ಯಾರು ನೀರು ಚೆಲ್ಲಿದರು ಅಂತ ಇಲ್ಲಿ ಕೂತೇ ಹೇಳ್ತೀಯ. ನಿನ್ನನ್ನ ಕಳಿಸಿಬಿಟ್ಟರೆ ಇಲ್ಲಿ ನೋಡೋರು ಯಾರು?"

ಮುಂದಿನ ಸಲವೂ ನನ್ನ ಗಂಡನೇ ಹೋಗುವುದು ಎಂದು ಆವತ್ತೇ ತೀರ್ಮಾನವಾಯಿತು.

ಅವರು ತುಟಿ ಒಡೆದುಕೊಂಡು, ಮುಖ ಕಪ್ಪಗಾಗಿಸಿಕೊಂಡು ವಾಪಸು ಬಂದರು. ಆ ಭಾನುವಾರ ಕನ್ನಡದವರೆಲ್ಲ ಊಟಕ್ಕೆ ಸೇರಿದಾಗ ಅವರ ಸುತ್ತ ಜನವೋ ಜನ. ಚಳಿ ಹೇಗಿತ್ತು ಎಂದು ಯಾರೋ ಕೇಳಿದರು.

"ಗಾಳಿ ಇದ್ರೆ ಪರವಾಗಿಲ್ಲ," ಎಂದರು ನನ್ನ ಗಂಡ. "ನಿಂತಾಗಲೇ ನೋಡಿ, ಕಾಲು ಕೊರೆಯತ್ತೆ."

ನಾನು ಬಿಸಿಬೇಳೆಭಾತ್ ಬಡಿಸುತ್ತಿದ್ದೆ. ಆ ಮಾತನ್ನು ಪೆಟ್ಟಿಗೆ ತುಂಬುವಾಗ ಅವರಿಗೆ ಹೇಳಿಕೊಟ್ಟವಳು ನಾನೇ. ಆದರೆ ಕೊರೆದದ್ದು ಅವರ ಕಾಲು.