ಮಿಶ್ರಿ ಹಚ್ಚಿದ ಬಾಯಿ

ಪವರ್‌ಲೂಮ್ ನಡೆಯುವ ಮನೆಯಲ್ಲಿ ಯಾರೂ ದೂರ ನಿಂತು ಮಾತಾಡುವುದಿಲ್ಲ. ಆಡಿದರೂ ಕೇಳಿಸುವುದಿಲ್ಲ. ರಬಕವಿಯ ನಮ್ಮ ಶೆಡ್ಡಿನಲ್ಲಿ ನಾಲ್ಕು ಮಗ್ಗ. ಒಮ್ಮೆ ಶುರುವಾದವೆಂದರೆ ಹೇಳಬೇಕಾದ್ದನ್ನು ಕಿವಿಗೆ ಬಾಯಿ ಹಚ್ಚಿ ಕೂಗಬೇಕು. ಮದುವೆಯಾಗಿ ಬಂದಾಗಿನಿಂದ ಹಾಗೇ ಕೂಗಿದ್ದೇನೆ. ಒಂದು ದಿನ ನೆಗೆಣ್ಣಿ ಮಾದೇವಿಯ ಕಿವಿಗೆ ಬಾಗಿ, "ಎಳಿ ಹರದೈತಿ ನೋಡ" ಎಂದೆ. ಅವಳು ತಟ್ಟನೆ ಮುಖ ತಿರುಗಿಸಿದಳು. ಸೆರಗು ಮೂಗಿಗೆ ಹೋಯಿತು. ಮರುಕ್ಷಣವೇ ನಾಚಿಕೊಂಡು, ಅದೇ ಸೆರಗಿನಿಂದ ಬೆವರು ಒರೆಸಿಕೊಂಡಂತೆ ಮಾಡಿದಳು.

ಅವಳ ಮುಖದಲ್ಲಿ ಬೆವರು ಇರಲಿಲ್ಲ.

ಮಾದೇವಿ ನನ್ನ ಮೈದುನನ ಹೆಂಡತಿ, ಮುಧೋಳದವಳು. ಎದುರುಬದುರು ಮಗ್ಗ ನಮ್ಮವು. ಲಾಳಿಗೆ ನೂಲು ಸುತ್ತಿದ ಹೊಸ ಕಂಡಿಕೆ ಹಾಕಿದಾಗ ನೂಲಿನ ತುದಿಯನ್ನು ಲಾಳಿಯ ತೂತಿನಿಂದ ಹೊರಗೆ ತರಬೇಕು. ಅದಕ್ಕೆ ನಾವು ತೂತಿಗೆ ತುಟಿ ಇಟ್ಟು ಜೋರಾಗಿ ಹೀರುತ್ತೇವೆ. ಎಳೆ ನಾಲಿಗೆಗೆ ಬರುತ್ತದೆ. ಯಾರು ಹೀರಿದ ಲಾಳಿ ಯಾರ ಕೈಗೆ ಹೋಯಿತೆಂದು ಯಾರೂ ನೋಡುವುದಿಲ್ಲ. ಆ ದಿನದ ನಂತರ ಮಾದೇವಿ ನೋಡತೊಡಗಿದಳು. ನಾನು ಕೊಟ್ಟ ಲಾಳಿಯನ್ನು ಒರೆಸಿ ತೆಗೆದುಕೊಳ್ಳುತ್ತಿದ್ದಳು. ಹದಿನೈದು ದಿನದಲ್ಲಿ ನಮ್ಮ ಮನೆಯವರೂ, ಕಟ್ಟಿಕೊಂಡ ಗಂಡನೇ, ತಮ್ಮ ಎರಡು ಲಾಳಿ ಬೇರೆ ಇಟ್ಟುಕೊಂಡರು. ಯಾರೂ ಏನೂ ಅನ್ನಲಿಲ್ಲ. ಅಂದಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ನಾನು ಜಗಳಕ್ಕೆ ಹಿಂದೆ ಬೀಳುವವಳಲ್ಲ.

ಅಂಗೈಗೆ ಉಸಿರು ಬಿಟ್ಟು ಮೂಸಿ ನೋಡಿದೆ. ಖರೆ ಇತ್ತು. ಬೆಳಿಗ್ಗೆ ಎದ್ದರೆ ಬಾಯಿ ತುಂಬ ಕಬ್ಬಿಣದ ರುಚಿ. ಒಸಡು ಬಾತು ಕೆಂಪಾಗಿತ್ತು. ಕೆಳಗಿನ ಒಂದು ಹಲ್ಲು ನಾಲಿಗೆ ತಾಗಿದರೆ ಅಲ್ಲಾಡುತ್ತಿತ್ತು. ಹಲ್ಲು ಹೋದರೆ ಹೋಗಲಿ, ಅದಕ್ಕೆ ನಾನು ಅಂಜುವವಳಲ್ಲ. ಅಂಜಿದ್ದು ಬೇರೆಯದಕ್ಕೆ. ತೇರದಾಳದ ನನ್ನ ತವರಿನಲ್ಲಿ ಅವ್ವನ ಬಾಯಿಯೂ ಮೊದಲು ಹೀಗೇ ನಾರಿತ್ತು. ಗಲ್ಲದೊಳಗಿನ ಹುಣ್ಣು ನಮಗೆ ಕಂಡದ್ದು ಆಮೇಲೆ. ಕೊನೆಯ ತಿಂಗಳು ಊದಿನಕಡ್ಡಿ ಹಚ್ಚಿಟ್ಟು ಅವಳ ಹತ್ತಿರ ಕೂಡುತ್ತಿದ್ದೆವು. ಕ್ಯಾನ್ಸರ್ ಎಂಬ ಮಾತನ್ನು ನಮ್ಮ ಮನೆಯಲ್ಲಿ ಇವತ್ತಿಗೂ ಯಾರೂ ಬಾಯಿಬಿಟ್ಟು ಆಡುವುದಿಲ್ಲ, "ಆ ಬ್ಯಾನಿ" ಎನ್ನುತ್ತೇವೆ.

ನನಗೂ ಆ ಬ್ಯಾನಿಯೇ ಬಂದಿದೆ ಎಂದು ನಾನು ಮನಸ್ಸಿನಲ್ಲೇ ತೀರ್ಮಾನಿಸಿದೆ.

ಹಾಗೆ ಅನಿಸಿದವರು ದವಾಖಾನೆಗೆ ಓಡಬೇಕು. ನಾನು ಅಡುಗೆಮನೆಗೆ ಹೋದೆ. ತಂಬಾಕನ್ನು ಹಂಚಿನ ಮೇಲೆ ಕರ್ರಗೆ ಹುರಿದು, ಪುಡಿ ಮಾಡಿ, ಡಬ್ಬಿಗೆ ತುಂಬಿದೆ. ಇದೇ ಮಿಶ್ರಿ. ನಮ್ಮ ಕಡೆ ಹೆಂಗಸರು ಬೆರಳಿನಿಂದ ಇದನ್ನು ಒಸಡಿಗೆ ತಿಕ್ಕಿಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕೂಡುತ್ತಾರೆ. ಹಲ್ಲು ಗಟ್ಟಿಯಾಗುತ್ತವೆ, ವಾಸನೆ ಹೋಗುತ್ತದೆ ಎಂಬುದು ಅವ್ವ ಹೇಳಿಕೊಟ್ಟ ಪಾಠ. ಮೊದಲು ಮುಂಜಾನೆ ಒಮ್ಮೆ ಹಚ್ಚುತ್ತಿದ್ದವಳು ಈಗ ಐದಾರು ಸಲ ಹಚ್ಚತೊಡಗಿದೆ. ಮೇಲೆ ಲವಂಗ, ಯಾಲಕ್ಕಿ. "ಏನಲೇ, ಬಾಯಾಗ ಮಸಾಲಿ ಅಂಗಡಿ ತಗದೀಯೇನು?" ಎಂದು ನಮ್ಮ ಮನೆಯವರು ಚಾಷ್ಟಿ ಮಾಡಿದರು. ವಾರದೊಳಗೆ ಒಸಡಿನ ರಕ್ತ ನಿಂತಿತು. ಗುಣವಾಗುತ್ತಿದೆ ಎಂದು ಮನೆದೇವರಿಗೆ ಕಾಯಿ ಒಡೆಸಿದೆ.

ವಾಸನೆ ಮಾತ್ರ ಹೋಗಲಿಲ್ಲ.

ಒಂದು ಮಧ್ಯಾಹ್ನ ಕರೆಂಟ್ ಹೋಗಿ ಮಗ್ಗ ನಿಂತವು. ಕೈಗನ್ನಡಿ ಹಿಡಿದು ಅಂಗಳದ ಬಿಸಿಲಿಗೆ ಬಂದೆ. ತುಟಿ ಎಳೆದು ಗಲ್ಲದ ಒಳಮೈ ನೋಡಿದೆ. ಎಡಗಡೆ, ನಾನು ಮಿಶ್ರಿ ಇಟ್ಟುಕೊಳ್ಳುವ ಜಾಗದಲ್ಲಿ, ಹೆಬ್ಬೆರಳಿನ ಉಗುರಿನಷ್ಟು ಬಿಳಿ ಕಲೆ. ತಿಕ್ಕಿದೆ. ಹೋಗಲಿಲ್ಲ. ಇನ್ನೂ ಜೋರಾಗಿ ತಿಕ್ಕಿದೆ. ಶೆಡ್ಡಿಗೆ ಹೋಗಿ ನಮ್ಮ ಮನೆಯವರಿಗೆ, "ರೀ, ನನಗ ಅವ್ವನ ಬ್ಯಾನಿ ಹತ್ತೇತ್ರಿ" ಎಂದೆ. ಅವರು ನಗಲಿಲ್ಲ, ಬೈಯಲೂ ಇಲ್ಲ. ಮರುದಿನ ಜಮಖಂಡಿ ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕೂತಿದ್ದರು. ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು ಅಡ್ಡ ಬರುತ್ತಿದ್ದವು. ಬಸ್ಸು ನಿಧಾನವಾದಷ್ಟೂ ನನಗೆ ಹಿತವೆನಿಸುತ್ತಿತ್ತು.

ಹಲ್ಲಿನ ಡಾಕ್ಟರು ನಮ್ಮ ಕಡೆಯ ಹುಡುಗಿಯೇ. ನನ್ನ ಮಗಳ ವಯಸ್ಸು. ಕುರ್ಚಿಯ ಮೇಲೆ ಮಲಗಿಸಿ, ಸಣ್ಣ ಕಡ್ಡಿಯಿಂದ ಒಂದೊಂದೇ ಹಲ್ಲಿನ ಬುಡ ಅಳೆದರು.

"ಮಿಶ್ರಿ ಹಚ್ಚತೀರೇನ್ರಿ ಅಕ್ಕಾರ?"

"ಇಲ್ರಿ."

ಡಾಕ್ಟರ ಮುಂದೆ, ವಕೀಲರ ಮುಂದೆ ಸುಳ್ಳು ಹೇಳಬಾರದು ಅನ್ನುತ್ತಾರೆ. ನಾನು ಹೇಳಿದೆ. ಅವರು ಬಿಳಿ ಹತ್ತಿಯಿಂದ ನನ್ನ ಒಸಡು ಒರೆಸಿ ಕಣ್ಣ ಮುಂದೆ ಹಿಡಿದರು. ಕರ್ರಗಾಗಿತ್ತು.

"ಹಂಗಾರ ಇದೇನ್ರಿ, ಕಾಡಿಗಿ?"

ನಾಚಿಕೆಯಿಂದ ಸತ್ತೆ. ಆಮೇಲೆ ಎಲ್ಲವನ್ನೂ ಹೇಳಿದೆ, ರಕ್ತ ನಿಂತದ್ದನ್ನೂ. ಅದನ್ನು ಕೇಳಿ ಅವರ ಮುಖ ಗಂಭೀರವಾಯಿತು. "ಗುಣ ಆಗಿ ನಿಂತಿಲ್ರಿ ಅದು. ತಂಬಾಕದಿಂದ ಒಸಡಿಗೆ ಹೋಗೂ ರಕ್ತನ ಕಡಿಮಿ ಆಗತೈತಿ. ಒಳಗ ರೋಗ ಬೆಳ್ಯಾಕತ್ತೈತಿ, ಮ್ಯಾಲ ಗೊತ್ತಾಗೂದಿಲ್ಲ." ಹಲ್ಲು ಮತ್ತು ಒಸಡಿನ ನಡುವೆ ಸಂದಿ ಬಿದ್ದು ಕೀವು ಕೂತಿದೆ, ವಾಸನೆ ಬರುತ್ತಿರುವುದು ಅಲ್ಲಿಂದ, ಉರಿಯೂತ ಎಲುಬಿಗೆ ಇಳಿದಿದೆ, ಇದಕ್ಕೆ ಪೆರಿಯೊಡಾಂಟೈಟಿಸ್ ಅನ್ನುತ್ತಾರೆ ಎಂದು ಎಕ್ಸ್‌ರೇ ತೋರಿಸಿ ತಿಳಿಸಿ ಹೇಳಿದರು. ಶುಗರ್ ಟೆಸ್ಟ್ ಮಾಡಿಸಿದರು. ಅದೂ ಹೆಚ್ಚಿತ್ತು. ಶುಗರ್ ಇದ್ದರೆ ಒಸಡು ಮಾಯುವುದಿಲ್ಲ, ಒಸಡು ಕೆಟ್ಟರೆ ಶುಗರ್ ಇಳಿಯುವುದಿಲ್ಲವಂತೆ.

"ಮತ್ತ ಆ ಬಿಳಿ ಕಲಿ?" ಎಂದು ನಾನೇ ಕೇಳಿದೆ.

"ಅದನ್ನ ನೋಡಿ ಹೇಳಾಕ ಬರೂದಿಲ್ರಿ. ಬಯಾಪ್ಸಿ ಮಾಡೂಣು."

ಗಲ್ಲದಿಂದ ಅಕ್ಕಿಕಾಳಿನಷ್ಟು ಚೂರು ತೆಗೆದು ಬಾಗಲಕೋಟೆಗೆ ಕಳಿಸಿದರು. ರಿಪೋರ್ಟಿಗೆ ಎಂಟು ದಿನ. ಇವತ್ತಿನಿಂದ ಮಿಶ್ರಿ ಮುಟ್ಟಲೇಬಾರದು ಎಂದರು.

ಆ ಎಂಟು ದಿನ ನಾನು ಮನುಷ್ಯಳಾಗಿರಲಿಲ್ಲ. ಮಗ್ಗದ ಮುಂದೆ ನಿಂತರೆ ಅವ್ವ ಕಾಣುತ್ತಿದ್ದಳು, ನೀರು ಕುಡಿಯಲಾಗದೆ ಲೋಟವನ್ನು ಕೈಯಲ್ಲಿ ಹಿಡಿದು ಸುಮ್ಮನೆ ನೋಡುತ್ತಿದ್ದ ಅವ್ವ. ಬಾಯಿ ಮಾತ್ರ ಮಿಶ್ರಿ ಬೇಡುತ್ತಿತ್ತು. ತಲೆ ಸಿಡಿಯುತ್ತಿತ್ತು, ಸಣ್ಣ ಮಾತಿಗೂ ಎಲ್ಲರ ಮೇಲೆ ಹರಿಹಾಯುತ್ತಿದ್ದೆ. ನಾಲ್ಕನೇ ದಿನ ಡಬ್ಬಿ ತೆರೆದು ಬೆರಳು ಅದ್ದಿಯೂ ಬಿಟ್ಟೆ. ಬೆರಳನ್ನು ಬಾಯಿಗೆ ಇಡಲು ಧೈರ್ಯ ಸಾಲದೆ ಬಚ್ಚಲಿಗೆ ಹೋಗಿ ತೊಳೆದುಕೊಂಡು, ಗೋಡೆಗೆ ಒರಗಿ ಅತ್ತೆ. ಇಷ್ಟು ಸಣ್ಣ ಪುಡಿಯೊಂದು ನನ್ನನ್ನು ಇಷ್ಟು ಆಳುತ್ತಿದೆಯಲ್ಲ ಎಂದು ಸಿಟ್ಟೂ ಬಂತು.

ರಿಪೋರ್ಟ್ ಬಂತು. ಕ್ಯಾನ್ಸರ್ ಇಲ್ಲ.

"ಈಗ ಇಲ್ಲ" ಎಂದರು ಡಾಕ್ಟರು. ಆ "ಈಗ" ಎಂಬ ಮಾತು ಇನ್ನೂ ನನ್ನ ಬೆನ್ನು ಬಿಟ್ಟಿಲ್ಲ. ಮಿಶ್ರಿ ಬಿಟ್ಟರೆ ಕಲೆ ಇಳಿಯಬಹುದು, ಬಿಡದಿದ್ದರೆ ಆ ಬ್ಯಾನಿಗೆ ತಿರುಗಬಹುದು. ಮೂರು ತಿಂಗಳಿಗೊಮ್ಮೆ ತೋರಿಸಬೇಕು. ಅಲ್ಲಾಡುತ್ತಿದ್ದ ಹಲ್ಲನ್ನೂ ಅದರ ಪಕ್ಕದ್ದನ್ನೂ ಕಿತ್ತರು. ಉಳಿದವಕ್ಕೆ ಇಂಜೆಕ್ಷನ್ ಕೊಟ್ಟು, ನಾಲ್ಕು ಸಲ ಕರೆಸಿ, ಒಸಡಿನ ಒಳಗಿನವರೆಗೂ ಕ್ಲೀನ್ ಮಾಡಿದರು. ಹದಿನೈದು ದಿನ ಔಷಧದ ನೀರು ಮುಕ್ಕಳಿಸಿದೆ. ಶುಗರಿಗೆ ಗುಳಿಗೆ ಶುರುವಾಯಿತು. ದಿನಾ ಎರಡು ಸಲ ಬ್ರಶ್ಶು, ನಾಲಿಗೆಯನ್ನೂ ತಿಕ್ಕುತ್ತೇನೆ. ಲಾಳಿಯ ಎಳೆಗೆ ನಮ್ಮ ಮನೆಯವರು ಸಣ್ಣ ತಂತಿಯ ಕೊಂಡಿ ಮಾಡಿಕೊಟ್ಟರು. ಕೆಲಸ ಸ್ವಲ್ಪ ತಡವಾಗುತ್ತದೆ, ಆಗಲಿ. ಎರಡು ತಿಂಗಳಲ್ಲಿ ವಾಸನೆ ಹೋಯಿತು. ಹೋಯಿತು ಎಂದು ನನಗೆ ಮಾದೇವಿ ಹೇಳಿದಳು. ಹೇಳುವಾಗ ಅತ್ತಳು.

ಮೂರು ತಿಂಗಳ ಲೆಕ್ಕದಲ್ಲಿ ಎರಡನೇ ಸಲ ಕಲೆ ತೋರಿಸಲು ಹೋಗುವಾಗ ಅವಳನ್ನೂ ಎಳೆದುಕೊಂಡು ಹೋದೆ. "ನನಗೇನಾಗೇತಿ?" ಎಂದು ಬಾಗಿಲಲ್ಲೇ ಕಾಲು ಊರಿದ್ದಳು. ನನ್ನ ಕಲೆ ಬೆಳೆದಿರಲಿಲ್ಲ, ಸಣ್ಣದೂ ಆಗಿತ್ತು. ಆಮೇಲೆ ಅವಳು ಕುರ್ಚಿ ಹತ್ತಿದಳು. ಡಾಕ್ಟರು ನೋಡುತ್ತ ನೋಡುತ್ತ ಮಾತು ನಿಲ್ಲಿಸಿದರು. ದೀಪವನ್ನು ಇನ್ನಷ್ಟು ಹತ್ತಿರ ಎಳೆದರು. ನಾನೂ ಬಾಗಿ ನೋಡಿದೆ. ಕೊನೆಗೆ ಅವರು, "ಕಲಿ ಇಲ್ರಿ. ಒಸಡ ಬಾತಾವು. ವ್ಯಾಳ್ಯಾಕ್ಕ ಬಂದೀರಿ" ಎಂದರು.

ಹೊರಗೆ ಬೆಂಚಿನ ಮೇಲೆ ಕೂತಾಗ ನನಗೆ ತಡೆಯಲಾಗಲಿಲ್ಲ. ಮದುವೆಯಾಗಿ ಬಂದ ವರ್ಷ ಹಲ್ಲುನೋವೆಂದು ಅಳುತ್ತಿದ್ದ ಈ ಮಾದೇವಿಯ ಬಾಯಿಗೆ ನನ್ನ ಬೆರಳಿನಿಂದಲೇ ಮಿಶ್ರಿ ತಿಕ್ಕಿದ್ದೆ.

"ನಿನಗ ಕಲಿಸಿದಾಕಿ ನಾನವಾ. ತಪ್ಪಾತು" ಎಂದೆ.

ಅವಳ ಮಗಳನ್ನು ಬೀಳಗಿಗೆ ಕೊಟ್ಟಿದ್ದೇವೆ. ಈಗ ಐದು ತಿಂಗಳ ಬಸುರಿ.

"ಅಕ್ಕಾ," ಎಂದಳು, "ನಾ ನನ್ನ ಮಗಳಿಗೂ ಕಲಿಸೇನಿ."

ಮರುದಿನ ಮಗ್ಗ ಬಂದ್ ಇಟ್ಟು ಇಬ್ಬರೂ ಬೀಳಗಿಗೆ ಹೋದೆವು.