ಫ್ಲಾಪಿಗೆ ಇಟ್ಟ ಗಂಧ

ಪದ್ಮಕ್ಕ, ಆ ಫ್ಲಾಪಿಯನ್ನು ಕೆಡಿಸಿದವನು ನಾನು. ನಿಮ್ಮ ಕೈಯ ಎಣ್ಣೆಯಲ್ಲ — ನಾನು ಇಟ್ಟ ಗಂಧ.

ನಡೆದದ್ದನ್ನು ನಡೆದಂತೆಯೇ ಹೇಳುತ್ತೇನೆ. ಮಲಯಾಳ ಸೀಮೆಯ ಕಲ್ಪೆಟ್ಟದ ಆ ಕಂಪ್ಯೂಟರ್ ಸೆಂಟರಿನಲ್ಲಿ ನೀವು ಹಿರಿಯ ಟೀಚರ್, ನಾನು ನಿಮ್ಮ ಕೈಕೆಳಗಿನವನು. ಜಿಲ್ಲೆ ಹೊಸದು, ನಮ್ಮ ಆರು ಕಂಪ್ಯೂಟರುಗಳು ಮಾತ್ರ ಎಲ್ಲಿಯವೋ ಹಳೆಯವು. ಹಾರ್ಡ್ ಡಿಸ್ಕ್ ಇಲ್ಲ. ಫ್ಲಾಪಿ ಹಾಕಿದರೆ ಏಳುತ್ತಿದ್ದವು. ಎದ್ದ ಮೇಲೆ ಬೇಕಾದದ್ದನ್ನೆಲ್ಲ ಕೇಬಲ್ಲಿನ ಮೂಲಕ ಮೂಲೆಯ ಸರ್ವರಿನಿಂದ ತರಿಸಿಕೊಳ್ಳುತ್ತಿದ್ದವು. ಒಂದು ಎದ್ದಿತೆಂದರೆ ಅದೇ ಫ್ಲಾಪಿ ಪಕ್ಕದ್ದಕ್ಕೆ. ನೆಟ್‌ವರ್ಕ್ ಕಾರ್ಡಿಗೆ ಹೊಂದುವ ಡ್ರೈವರ್ ಹುಡುಕಿ, ಸಾಲು ಸಾಲಾಗಿ ತಿದ್ದಿ ಅದನ್ನು ಮಾಡಿದವರು ನೀವು.

"ತಮ್ಮಾ, ಇದೊಂದು ಸತ್ರೆ ಆರೂ ಸತ್ತ ಹಂಗೇ. ಇನ್ನೊಂದು ಕಾಪಿ ಮಾಡಿಡು ಮಾರಾಯ," ಎಂದಿದ್ದಿರಿ. ಮಾಡಿಯೂ ಇಟ್ಟಿದ್ದೆ — ಆಮೇಲೆ ಅಳಿಸಿ, ಒಂದು ಆಟ ತುಂಬಿಸಿಕೊಂಡಿದ್ದೆ.

ನವರಾತ್ರಿಯಲ್ಲಿ ಪುಸ್ತಕ, ಕೀಬೋರ್ಡ್, ಸ್ಕ್ರೂಡ್ರೈವರುಗಳ ಜೊತೆ ಫ್ಲಾಪಿಯನ್ನೂ ಪೂಜೆಗಿಟ್ಟೆವು. ಗಂಧದ ಬೊಟ್ಟಿಡುವ ಕೆಲಸ ನನ್ನದು. ಹೊರಗಿನ ಪ್ಲಾಸ್ಟಿಕ್ಕಿಗೆ ಇಟ್ಟರೆ ಬರಿಯ ಡಬ್ಬಿಯ ಪೂಜೆಯಾದೀತಲ್ಲ... ತಗಡಿನ ಮುಚ್ಚಳವನ್ನು ಉಗುರಿನಿಂದ ಸರಿಸಿ, ಒಳಗಿನ ಕಪ್ಪು ತಟ್ಟೆಗೇ ಇಟ್ಟೆ. ಭಕ್ತಿಯಿಂದಲೇ. ಮಗುಚಿ, ಹಿಂಬದಿಗೂ.

ವಿಜಯದಶಮಿಯ ಬೆಳಿಗ್ಗೆ ಹೊಸ ಬ್ಯಾಚು. ಮಕ್ಕಳ ಹಿಂದೆ ತಂದೆತಾಯಿಯರೂ ನಿಂತಿದ್ದರು. ನೀವು ಫ್ಲಾಪಿ ಹಾಕಿದಿರಿ — ಕರ್ರ್ ಎಂದಿತು. ಆ ಕಂಪ್ಯೂಟರಿನದೇ ದೋಷವೆಂದು ಎರಡನೆಯದಕ್ಕೆ ಹಾಕಿದಿರಿ. ಮೂರನೆಯದಕ್ಕೆ... ಹೀಗೆ ಆರಕ್ಕೂ ಪ್ರಸಾದ ಹಂಚಿಕೆಯಾಗುವುದನ್ನು ನಾನು ನೋಡುತ್ತ ನಿಂತಿದ್ದೆ. ಕೋಣೆಯೆಲ್ಲ ಗಂಧದ ವಾಸನೆ ತುಂಬಿದ್ದರಿಂದ ಫ್ಲಾಪಿಯದು ಯಾರಿಗೂ ಬೇರೆಯಾಗಿ ತಿಳಿಯಲಿಲ್ಲ.

ಸೆಂಟರಿನ ಯಜಮಾನರು ಮುಚ್ಚಳ ಸರಿಸಿ ಕಲೆ ಕಂಡರು. "ಎಂದಾ ಟೀಚರೇ ಇದ್? ವೆಳಿಚ್ಚೆಣ್ಣ!" ತಲೆಯ ತೆಂಗಿನೆಣ್ಣೆ ಕೈಗೆ, ಕೈಯಿಂದ ಫ್ಲಾಪಿಗೆ — ಅವರ ತನಿಖೆ ಅಲ್ಲಿಗೆ ಮುಗಿಯಿತು.

"ಇವತ್ತು ತಲೆಗೆ ಎಣ್ಣೆ ಮುಟ್ಟಿಸ್ಲೇ ಇಲ್ಲ ಸಾರ್. ಬೇಕಾದ್ರೆ ಮೂಸಿ ನೋಡಿ!" ಎಂದು ನೀವು ತಲೆ ಮುಂದೆ ಚಾಚಿದಿರಿ. ಅವರು ಗಾಬರಿಯಿಂದ ಹಿಂದೆ ಸರಿದು, ಎಣ್ಣೆಯೇ ತಾನೇ ಎಂಬಂತೆ ನನ್ನತ್ತ ತಿರುಗಿದರು. "ಅಲ್ಲೇಡಾ?"

"ಆಯಿರಿಕ್ಕುಂ," ಎಂದೆ. ಇರಬಹುದು — ನಾನು ಆಡಿದ್ದು ಅಷ್ಟೇ.

ಸಂಜೆ ಡ್ರೈವುಗಳನ್ನು ಸ್ಪಿರಿಟ್ಟಿನಿಂದ ಒರೆಸುವಾಗ ಹತ್ತಿಗೆ ಹತ್ತಿದ್ದು ಗಂಧದ ತರಿ. ಆ ಹತ್ತಿಯನ್ನು ಜೇಬಿಗಿಳಿಸಿದೆ. ಹೊಸ ಫ್ಲಾಪಿ ಮಾಡಿಕೊಟ್ಟವರು ಮತ್ತೆ ನೀವೇ. ಆದರೆ ಅದನ್ನು ಮುಟ್ಟುವ ಅಧಿಕಾರ ನನಗೆ ಬಂತು, ನಿಮ್ಮ ಕುರ್ಚಿಯೂ ಬಂತು. ನಿಮ್ಮನ್ನು ಮಹಡಿಯ ಟೈಪ್‌ರೈಟಿಂಗ್ ಕೋಣೆಗೆ ಕಳಿಸಿದರು — ಅಲ್ಲಿ ಎಣ್ಣೆ ಬಿದ್ದರೆ ಒಳ್ಳೆಯದೇ ಎಂದು ಯಜಮಾನರ ತಮಾಷೆ. ಮೊದಲು ನಕ್ಕವನು ನಾನು.

ಇಷ್ಟು ವರ್ಷಗಳ ಮೇಲೂ, ಹೋದ ತಿಂಗಳು ಬತ್ತೇರಿಯಲ್ಲಿ ನಡೆದ ಮದುವೆಯಲ್ಲಿ, ನಮ್ಮ ಹಳೆಯ ವಿದ್ಯಾರ್ಥಿಗಳೆಲ್ಲ ಕೂತಿದ್ದ ಪಂಕ್ತಿಯಲ್ಲಿ, ಒಬ್ಬ ನಿಮ್ಮನ್ನು "ವೆಳಿಚ್ಚೆಣ್ಣ ಟೀಚರೇ" ಎಂದು ಕೂಗಿ ಕರೆದ. ಎಲ್ಲರೂ ನಕ್ಕರು, ನಾನೂ ನಕ್ಕೆ. ನೀವೂ ನಕ್ಕಿರಿ. ನಕ್ಕು, ಪಾಯಸ ಬಡಿಸುವ ಮೊದಲೇ ಎದ್ದುಹೋದಿರಿ.

ಇದನ್ನು ಕನ್ನಡದಲ್ಲಿ ಬರೆದದ್ದೂ ನನ್ನ ಕಳ್ಳತನವೇ, ಪದ್ಮಕ್ಕ — ಅಲ್ಲಿ ನಕ್ಕವರಲ್ಲಿ ಕನ್ನಡ ಓದಬಲ್ಲವರು ನಾವಿಬ್ಬರೇ. ಮಲಯಾಳದಲ್ಲೂ ಬರೆಯುತ್ತಿದ್ದೇನೆ. ಅದನ್ನು ನಿಮಗೆ ಕಳಿಸುವುದಿಲ್ಲ. ಅವರೆಲ್ಲರ ಮುಂದೆ ನಿಂತು ಓದುತ್ತೇನೆ.