ಪಡಸಾಲಿಗೊಂದು ವೈಫೈ, ತೊಟ್ಟಿಲಿಗೊಂದು ಕೀಲಿ

ಸುರಪುರದ ಗುಡ್ಡದ ಮೇಲೆ ಬೆಳಕಿನ್ನೂ ಪೂರಾ ಹರಿದಿಲ್ಲ. ಪಾರ್ವತೆಮ್ಮನವರ ಮನೆಯಂಗಳಕ್ಕೆ ನೀರು ಬಿದ್ದಿದೆ, ರಂಗೋಲಿ ಬಾಕಿ. ಅಷ್ಟರಲ್ಲೇ ಹುಮೇರಾ ಸ್ಕೂಟಿ ನಿಲ್ಲಿಸಿ, ಚಪ್ಪಲಿ ಬಿಟ್ಟು ಒಳಗೆ ಬರುತ್ತಾರೆ. ಕೈಯಲ್ಲಿ ಒಂದು ಮೊಬೈಲು, ಒಂದು ಗುಂಡುಪಿನ್ನು. ಅವರ ಕೆಲಸದ ಬಗ್ಗೆ ಬರೆಯಲು ಜೊತೆಗೆ ಬಂದ ನಾನಂತೂ ಇಷ್ಟೇ ಸಾಮಾನು ಹಿಡಿದು ರಿಪೇರಿಗೆ ಬಂದವರನ್ನು ನೋಡಿರಲಿಲ್ಲ.

ಒಳಗೆ ತೊಟ್ಟಿಲಲ್ಲಿ ಏಳು ತಿಂಗಳ ಕೂಸು ಮಲಗಿದೆ. ಮೇಲೆ ಗೋಡೆಗೆ ನಿಂಬೆಹಣ್ಣಿನಷ್ಟು ದಪ್ಪದ ಕ್ಯಾಮೆರಾ. ಸೊಸೆ ಪರಿಮಳಾ ಹುಣಸಗಿಯ ಖಾಸಗಿ ದವಾಖಾನೆಯೊಂದರಲ್ಲಿ ನರ್ಸ್. ಬಿಡುವಾದಾಗ ಮೊಬೈಲಿನಲ್ಲಿ ಕೂಸನ್ನು ನೋಡುತ್ತಾರೆ, ಆ ಕ್ಯಾಮೆರಾದ ಮೂಲಕವೇ ಮಾತಾಡಿಸುತ್ತಾರೆ. ಮೊನ್ನೆ ಮಧ್ಯಾಹ್ನ ಅದರೊಳಗಿಂದ ಯಾವನೋ ಗಂಡಸು ನಕ್ಕ. ಆಮೇಲೆ “ಏ ಮುದುಕಿ, ಮಲ್ಕೊಂಡಿ ಏನು?” ಅಂತ ಕೇಳಿದ. ಪಾರ್ವತೆಮ್ಮ ಮೊಮ್ಮಗಳನ್ನು ಎತ್ತಿಕೊಂಡು ಬೀದಿಗೆ ಓಡಿಬಂದರು.

“ಅದನ್ನ ಕಿತ್ತಿ ತಿಪ್ಪಿಗಿ ಒಗೀತೀನಿ,” ಎನ್ನುತ್ತಾರೆ ಅವರು, ಈಗಲೂ ಕ್ಯಾಮೆರಾದ ಕಡೆ ನೋಡದೆ.

“ಹಂಗ ಮಾಡಿದ್ರ ನಾ ಕೆಲಸ ಬಿಡಬೇಕಾಗ್ತದ, ಅತ್ತಿ,” ಎನ್ನುತ್ತಾರೆ ಪರಿಮಳಾ. ಅತ್ತೆಗೆ ಸಕ್ಕರೆ ಕಾಯಿಲೆ, ಒಮ್ಮೊಮ್ಮೆ ತಲೆ ತಿರುಗಿ ಕೂತುಬಿಡುತ್ತಾರೆ. ಗಂಡ ಇರುವುದು ಕಡೇಚೂರಿನ ಕಾರ್ಖಾನೆಯಲ್ಲಿ. ಕ್ಯಾಮೆರಾ ಇಲ್ಲದೆ ಇಬ್ಬರನ್ನೇ ಬಿಟ್ಟುಹೋಗಲು ಅವರಿಗೆ ಧೈರ್ಯವಿಲ್ಲ. ಹುಣಸಗಿ ಬಸ್ಸು ಬರುವುದರೊಳಗೆ ಇದು ಇತ್ಯರ್ಥವಾಗಬೇಕು.

ಹುಮೇರಾ ಕ್ಯಾಮೆರಾ ಮುಟ್ಟುವುದೇ ಇಲ್ಲ. ಮೊದಲು ಒಂದು ಪ್ರಶ್ನೆ: “ನಿಮ್ಮ ವೈಫೈ ಪಾಸ್‌ವರ್ಡ್ ಯಾರ್ಯಾರಿಗಿ ಗೊತ್ತದರಿ?”

“ಓಣಿಗೆಲ್ಲಾ ಗೊತ್ತದ,” ಎನ್ನುತ್ತಾರೆ ಪಾರ್ವತೆಮ್ಮ. “ಮನಿಗಿ ಬಂದು ನೀರು ಕೇಳಿದೋರಿಗಿ ಇಲ್ಲ ಅಂತೀವೇನು? ಇದೂ ಹಂಗ.”

ಕ್ಯಾಮೆರಾಕ್ಕೂ ಅದೇ ಪಾಸ್‌ವರ್ಡ್. ನೆನಪಿಡಲು ಸಲೀಸು ಅಂತ ಪರಿಮಳಾ ಅವರೇ ಇಟ್ಟದ್ದು. ಹುಮೇರಾ ಪರಿಮಳಾ ಅವರ ಮೊಬೈಲಿನಲ್ಲಿ ಆ್ಯಪ್ ತೆರೆದು ತೋರಿಸುತ್ತಾರೆ: ಕ್ಯಾಮೆರಾ ನೋಡುವ ಫೋನುಗಳ ಸಾಲಿನಲ್ಲಿ ಮನೆಯ ಯಾರದ್ದೂ ಅಲ್ಲದ ಫೋನೊಂದಿದೆ. ಪರಿಮಳಾ ಅವರ ಮುಖ ಬಿಳಿಚಿಕೊಳ್ಳುತ್ತದೆ. ಪೊಲೀಸರಿಗೆ ದೂರು ಕೊಡಲು ಇರಲಿ ಅಂತ ಹುಮೇರಾ ಆ ಸಾಲಿನ ಫೋಟೊ ತೆಗೆಸಿ, ಆ ಫೋನನ್ನು ಸಾಲಿನಿಂದ ಹೊರಹಾಕುತ್ತಾರೆ.

ರಂಗಂಪೇಟೆಯ ಹುಮೇರಾ ಪಿಯುಸಿ ಮುಗಿಸಿ ಶಹಾಪುರದಲ್ಲಿ ಬಳಗದವರ ಟಿವಿ ಅಂಗಡಿಗೆ ಸೇರಿದವರು. ಕ್ಯಾಮೆರಾ ಕೂರಿಸಲು ಗಂಡಸರು ಬಂದರೆ ಹೆಣ್ಣುಮಕ್ಕಳು ಒಳಮನೆಗೆ ಬಿಡುತ್ತಿರಲಿಲ್ಲ. ಹಾಗಾಗಿ ಇವರನ್ನು ಕಳಿಸಿದರು. ಮನೆಮನೆ ತಿರುಗುವಾಗ ಕಂಡದ್ದೇನು? ಕಂಪನಿಯಿಂದ ಬಂದ ಪಾಸ್‌ವರ್ಡನ್ನು ಯಾರೂ ಬದಲಿಸುವುದೇ ಇಲ್ಲ. “ಕೀಲಿ ಹಾಕಿ, ಕೀಲಿಕೈ ಬಾಗಿಲಿಗೇ ತೂಗಹಾಕಿದಂಗರಿ,” ಎಂದು ನಗುತ್ತಾರೆ. ಈಗ ದಿನಕ್ಕೆ ನಾಲ್ಕೈದು ಮನೆ: ಟಿವಿ, ಕ್ಯಾಮೆರಾ, ನೀರಿನ ಮೋಟರು, ಗೀಸರು. ಗೀಸರಿಗೆ ಯಾಕ್ರೀ ಇಂಟರ್ನೆಟ್ಟು ಅಂತ ಕೇಳಿದೆ. “ನನಗೂ ತಿಳಿದಿಲ್ರಿ. ತಂದಾರಲ್ಲ, ಕೀಲಿ ಹಾಕಬೇಕು.”

ಸಂಬಳದಂಥ ಗಳಿಕೆ ಏನಿಲ್ಲ. “ನಟ್ಟು ಬಿಗಿಲಿಲ್ಲ, ವೈರು ಎಳೀಲಿಲ್ಲ, ಕುಂತು ಮೊಬೈಲ್ ಒತ್ತಿದ್ದಕ್ಕ ರೊಕ್ಕ ಏನು ಅಂತಾರ್ರಿ,” ಎನ್ನುತ್ತ ಹುಮೇರಾ ಗುಂಡುಪಿನ್ನನ್ನು ಕ್ಯಾಮೆರಾದ ತೂತಿಗೆ ಒತ್ತಿ, ಹಳೆಯದನ್ನೆಲ್ಲ ಅಳಿಸುತ್ತಾರೆ. ಹೊಸ ಅಪ್‌ಡೇಟ್ ಹಾಕುತ್ತಾರೆ. ಆಮೇಲೆ ವೈಫೈಯನ್ನು ಎರಡು ಮಾಡುತ್ತಾರೆ. ಒಂದರ ಹೆಸರು ‘ಪಡಸಾಲಿ’.

“ಬಂದೋರು ಪಡಸಾಲ್ಯಾಗ ಕುಂದ್ರತಾರ, ಚಾ ಕುಡೀತಾರ. ಅಡಗಿಮನಿಗಿ ಬರ್ತಾರೇನ್ರಿ, ಅಮ್ಮಾ? ಓಣ್ಯಾಗ ಕೇಳಿದೋರಿಗಿ ಪಡಸಾಲಿದು ಕೊಡ್ರಿ. ಕ್ಯಾಮೆರಾ, ಟಿವಿ ಒಳಗಿನದರಾಗ ಇರ್ಲಿ.”

ಪಾರ್ವತೆಮ್ಮ ಯೋಚಿಸುತ್ತಾರೆ. “ಅಂದ್ರ ಯಾರಿಗೂ ಇಲ್ಲ ಅನ್ನೂದು ಬ್ಯಾಡ?”

“ಬ್ಯಾಡ್ರಿ.”

ಅವರ ಮುಖ ಸಡಿಲಾಗುತ್ತದೆ. ಒಳಗಿನ ವೈಫೈಗೂ ಕ್ಯಾಮೆರಾಕ್ಕೂ ಬೇರೆಬೇರೆ ಹೊಸ ಪಾಸ್‌ವರ್ಡ್ ಮಾತ್ರ ತಾವೇ ಇಡುವುದಾಗಿ ಹಟ. “ಮೊಮ್ಮಗಳು ನಮ್ಮಾಕಿ. ನಾನೇ ಇಡ್ತೀನಿ.”

“ದೇವರ ಹೆಸರು ಬ್ಯಾಡ್ರಿ, ಕೂಸಿನ ಹೆಸರೂ ಬ್ಯಾಡ. ಒಂದಕ್ಕೊಂದು ಸಂಬಂಧ ಇಲ್ಲದ ನಾಕು ಶಬ್ದ ಕೂಡಿಸಿ ಇಡ್ರಿ,” ಎಂದು ಹೇಳಿ ಹುಮೇರಾ ಎದ್ದು ಅಂಗಳಕ್ಕೆ ಬರುತ್ತಾರೆ. ಒಳಗೆ ಅತ್ತೆ-ಸೊಸೆ ಪಿಸುಗುಡುತ್ತಾರೆ, ಒಮ್ಮೆ ಇಬ್ಬರೂ ನಗುತ್ತಾರೆ.

ಹೊರಗೆ ಯಾಕೆ ಬಂದಿರಿ ಅಂತ ಕೇಳಿದೆ. ಹಿಂದೆ ಶಹಾಪುರದ ಒಂದು ಮನೆಯ ಕ್ಯಾಮೆರಾ ಚಿತ್ರಗಳು ಹೊರಬಿದ್ದವಂತೆ. ಪಾಸ್‌ವರ್ಡ್ ಇಟ್ಟವರು ಇವರೇ. ಮೊದಲು ಅನುಮಾನ ಬಂದದ್ದೂ ಇವರ ಮೇಲೆಯೇ. ಆ ಮನೆಯವರದೇ ಫೋನು ಕಳುವಾಗಿ ಹಾಗಾದದ್ದು ಆಮೇಲೆ ತಿಳಿಯಿತು. ತಪ್ಪಾಯಿತು ಅಂತ ಒಬ್ಬರೂ ಹೇಳಲಿಲ್ಲ. “ನಮ್ಮ ಅಮ್ಮಿ ಸರ್ವರಬೇಗಂ ಅಳಕೋತ ಕುಂತಿದ್ದರ್ರಿ. ಕೆಲಸಾನೇ ಬಿಡಬೇಕಂತ ಮಾಡಿದ್ದೆ. ಭಾಳ ನೋವಾಗಿತ್ತು. ಅವತ್ತಿಂದ ಮನಿಯವರು ಪಾಸ್‌ವರ್ಡ್ ಇಡೂ ಮುಂದ ಹೊರಗ ಬರ್ತೀನ್ರಿ.”

ಪರಿಮಳಾ ಚೀಲ ಹೆಗಲಿಗೇರಿಸಿ ಹೊರಬರುತ್ತಾರೆ, ಬಸ್‌ಸ್ಟ್ಯಾಂಡಿನತ್ತ ಬಿರಬಿರನೆ ನಡೆಯುತ್ತಾರೆ. ಒಳಗಿನಿಂದ ಪಾರ್ವತೆಮ್ಮ ಚಹಕ್ಕೆ ಕೂಗುತ್ತಾರೆ. ಎಷ್ಟು ಮನೆಗಳಿಗೆ ಹೀಗೆ ಬೀಗ ಹಾಕಿರಬಹುದು ಅಂತ ಕೇಳಿದೆ.

“ಲೆಕ್ಕ ಇಟ್ಟಿಲ್ರಿ. ಸುರಪುರ, ಶಹಾಪುರ, ಯಾದಗಿರಿ ತನಕ ಹಾಕೇನಿ,” ಎಂದರು ಹುಮೇರಾ. “ಒಂದು ಮನಿ ಕೀಲಿಕೈನೂ ನನಗ ಗೊತ್ತಿಲ್ರಿ.”